ಎರಡು ಮುಕ್ಕಾಲು ವರ್ಷದ ಮಗನ ಬಾಯಿಂದ ನಿಪ್ಪಲ್ ಬಿಡಿಸುವುದು ಹೇಗೆ?

ಪುಟ್ಟನ ಅಮ್ಮ, ಮೈಸೂರು (ಸೋಮವಾರ, ರಾತ್ರಿ 10:40)

ಎಲ್ಲರಿಗೂ ನಮಸ್ಕಾರ. ಮಗನಿಗೆ ಎರಡು ವರ್ಷ ಒಂಬತ್ತು ತಿಂಗಳು. ಮೂರು ತಿಂಗಳಿದ್ದಾಗ ಹಿಡಿದ ನಿಪ್ಪಲ್ ಇನ್ನೂ ಬಿಟ್ಟಿಲ್ಲ. ಹಾಲಿನ ಬಾಟಲಿಯದಲ್ಲ, ಸುಮ್ನೆ ಚೀಪುವ ಖಾಲಿ ನಿಪ್ಪಲ್. ಅಂಗಡಿಯವರು ಸೂದರ್ ಅಂತಾರೆ, ನಮ್ಮಕ್ಕ ಪ್ಯಾಸಿಫೈಯರ್ ಅಂತಾಳೆ, ನಮ್ಮ ಮನೆಯಲ್ಲಿ ಅದರ ಹೆಸರು ಪೀಪಿ.

ನಿಜ ಹೇಳಬೇಕೆಂದರೆ ಅದನ್ನು ತಂದದ್ದು ನನ್ನ ಸಲುವಾಗಿ. ಬಾಣಂತನ ಮುಗಿಸಿ ತವರಿಂದ ಬಂದ ವಾರ. ಇವರಿಗೆ ನೈಟ್ ಶಿಫ್ಟ್. ಸಂಜೆ ಆರಕ್ಕೆ ಅಳಲು ಶುರು ಮಾಡಿದರೆ ಒಂಬತ್ತರ ತನಕ ನಿಲ್ಲುತ್ತಿರಲಿಲ್ಲ. ಒಂದು ದಿನ ನಾನೂ ಅವನ ಜೊತೆ ಕೂತು ಅತ್ತೆ. ಮರುದಿನವೇ ಮೆಡಿಕಲ್ ಸ್ಟೋರಿಗೆ ಹೋಗಿ ತಂದೆ. ಬಾಯಿಗಿಟ್ಟ ಐದು ನಿಮಿಷಕ್ಕೆ ನಿದ್ದೆ ಹೋದ.

ಈಗ ಮಲಗಲು ಪೀಪಿ, ಸ್ಕೂಟರಿನಲ್ಲಿ ಪೀಪಿ, ಬಿದ್ದು ಮಂಡಿ ತರಚಿದರೆ ಪೀಪಿ. ಮಾತಾಡುವಾಗಲೂ ತೆಗೆಯುವುದಿಲ್ಲ, ಪಕ್ಕಕ್ಕೆ ಸರಿಸಿಕೊಂಡು ಮಾತಾಡುತ್ತಾನೆ, ಬೀಡಾ ಹಾಕಿಕೊಂಡವರ ಹಾಗೆ. ಜೂನ್‌ನಲ್ಲಿ ನರ್ಸರಿಗೆ ಸೇರಿಸಬೇಕು. ಅತ್ತೆ ಬೇವು ಹಚ್ಚು ಅಂತಾರೆ. ಇವರು ತಾನಾಗೇ ಬಿಡ್ತಾನೆ ಬಿಡು ಅಂತಾರೆ. ಪಕ್ಕದ ಮನೆ ಆಂಟಿ ಹಲ್ಲು ಉಬ್ಬುತ್ತೆ ಅಂತ ದಿನಾ ಹೆದರಿಸುತ್ತಾರೆ. ಎಷ್ಟು ನಿಜ, ಎಷ್ಟು ಸುಳ್ಳು? ಬಿಡಿಸಿದವರು ಯಾರಾದರೂ ಇದ್ದರೆ ಹೇಳಿ.

ಕುಂದಾ ಅಜ್ಜಿ, ಬೆಳಗಾವಿ

ನಾಲ್ಕು ಮಕ್ಕಳನ್ನು ಹೆತ್ತೇನಿ, ಒಂದಕ್ಕೂ ಈ ರಬ್ಬರ್ ಕೊಟ್ಟಿಲ್ಲ. ಅತ್ತರೆ ಸೀರೆ ಜೋಳಿಗೆ ಕಟ್ಟಿ ತೂಗುತ್ತಿದ್ದೆವು. ಹಂಗಂತ ನಿನ್ನನ್ನು ಬೈಯುವುದಿಲ್ಲ ತಂಗಿ. ನಮ್ಮ ಮನೆಯಲ್ಲಿ ಎತ್ತಿಕೊಳ್ಳಲು ಹನ್ನೊಂದು ಮಂದಿ ಇದ್ದರು. ನಿನಗೆ ಯಾರಿದ್ದರು? ಬೇವು ಮಾತ್ರ ಹಚ್ಚಬೇಡ.

ಹಲ್ಲು ನೋಡುವವಳು, ಮಂಗಳೂರು

ನಾನು ಮಕ್ಕಳ ಹಲ್ಲಿನ ಡಾಕ್ಟರ್. ಪಕ್ಕದ ಮನೆ ಆಂಟಿ ಹೇಳಿದ್ದು ಅರ್ಧ ನಿಜ. ಆ ಅರ್ಧವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಗುವಿನ ದವಡೆ ಮೂಳೆ ಮೆತ್ತಗಿರುತ್ತದೆ. ದಿನಕ್ಕೆ ಹಲವು ಗಂಟೆ ಒಂದು ವಸ್ತು ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಕೂತರೆ ಹಲ್ಲುಗಳು ಅದಕ್ಕೆ ಜಾಗ ಬಿಟ್ಟುಕೊಡುತ್ತವೆ. ಹಿಂದಿನ ದವಡೆ ಹಲ್ಲು ಕಚ್ಚಿದರೂ ಮುಂದೆ ಒಂದು ಸಂದು ಉಳಿಯುತ್ತದೆ. ಅದು ಓಪನ್ ಬೈಟ್. ಮನೆಯಲ್ಲೇ ಗೊತ್ತಾಗುತ್ತದೆ: ಮಗು ಚಪಾತಿಯನ್ನು ಮುಂದಿನ ಹಲ್ಲಿನಿಂದ ಕಚ್ಚದೆ, ಬಾಯಿಯ ಪಕ್ಕಕ್ಕೆ ತಂದು ಹರಿಯುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಬೇಗ ಬೀಳುವುದಿಲ್ಲ. ನಿಪ್ಪಲ್ ಬಾಯಲ್ಲಿದ್ದಾಗ ನಾಲಿಗೆ ಮೇಲೆ ಅಂಗುಳಕ್ಕೆ ತಾಗದೆ ಕೆಳಗೇ ಇರುತ್ತದೆ, ಕೆನ್ನೆಗಳು ಎರಡೂ ಕಡೆಯಿಂದ ಒತ್ತುತ್ತವೆ. ಹೀಗೇ ವರ್ಷಗಟ್ಟಲೆ ಆದರೆ ಮೇಲ್ದವಡೆ ಕಿರಿದಾಗಿ, ಕಚ್ಚಿದಾಗ ಮೇಲಿನ ದವಡೆ ಹಲ್ಲುಗಳು ಕೆಳಗಿನವುಗಳ ಒಳಗೆ ಕೂರುತ್ತವೆ. ಅದು ಕ್ರಾಸ್ ಬೈಟ್.

ಈಗ ಸಮಾಧಾನದ ಮಾತು. ಮೂರು ವರ್ಷದೊಳಗೆ ಬಿಟ್ಟರೆ ಮುಂದಿನ ಸಂದು ಬಹುತೇಕ ಮಕ್ಕಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಕ್ರಾಸ್ ಬೈಟ್ ಅಷ್ಟು ಸುಲಭಕ್ಕೆ ಸರಿಹೋಗುವುದಿಲ್ಲ. ಅದಕ್ಕೇ ನಾವು ಎರಡು ದಾಟಿದ ಮೇಲೆ ಕಡಿಮೆ ಮಾಡಿ, ಮೂರಕ್ಕೆ ಪೂರ್ತಿ ನಿಲ್ಲಿಸಿ ಅನ್ನುವುದು. ನಿಮ್ಮ ಕೈಯಲ್ಲಿ ಇನ್ನೂ ಮೂರು ತಿಂಗಳಿದೆ. ನಿದ್ದೆ ಹತ್ತುವ ತನಕ ಹತ್ತು ನಿಮಿಷ ಚೀಪುವ ಮಗುವಿಗೂ ದಿನವಿಡೀ ಬಾಯಲ್ಲಿಟ್ಟುಕೊಳ್ಳುವ ಮಗುವಿಗೂ ತುಂಬಾ ವ್ಯತ್ಯಾಸವಿದೆ. ಮೊದಲು ಗಂಟೆಗಳನ್ನು ಇಳಿಸಿ.

'ಆರ್ಥೊಡಾಂಟಿಕ್', ಅಂದರೆ ಹಲ್ಲು ಕೆಡಿಸದ ಆಕಾರದ್ದು ಅಂತ ಬರೆದಿರುವುದನ್ನು ಜಾಸ್ತಿ ದುಡ್ಡು ಕೊಟ್ಟು ತಂದಿದ್ದೇವೆ, ಏನೂ ಆಗಲ್ಲ ಅಲ್ವಾ ಅಂತ ಅಪ್ಪಂದಿರು ಕೇಳುತ್ತಾರೆ. ಆಕಾರ ಯಾವುದೇ ಇರಲಿ, ವರ್ಷಗಟ್ಟಲೆ ಚೀಪಿದರೆ ಹಲ್ಲು ಜರುಗುತ್ತದೆ.

ಪುಟ್ಟನ ಅಮ್ಮ, ಮೈಸೂರು

ಡಾಕ್ಟ್ರೇ, ಓದಿದ ತಕ್ಷಣ ದೋಸೆ ಕೊಟ್ಟು ನೋಡಿದೆ. ಪಕ್ಕಕ್ಕೆ ತಂದೇ ಕಚ್ಚಿದ. ಇಷ್ಟು ದಿನ ಅದು ಅವನ ಸ್ಟೈಲ್ ಅಂದುಕೊಂಡಿದ್ದೆವು. ವಿಡಿಯೋ ಬೇರೆ ಮಾಡಿ ಎಲ್ಲರಿಗೂ ಕಳಿಸಿದ್ದೇವೆ.

ಸುಮಾ, ಸಾಗರ

ಬೇವಿನ ಕಥೆ ನನ್ನ ಹತ್ತಿರ ಕೇಳಿ. ಮಗಳಿಗೆ ಎರಡು ವರ್ಷ. ಅಮ್ಮ ಬೇವಿನೆಣ್ಣೆ ಹಚ್ಚಿಟ್ಟರು. ಮಗಳು ಮೂಸಿದಳು, ಮುಖ ಕಿವಿಚಿದಳು, ಸೀದಾ ಬಚ್ಚಲಿಗೆ ಹೋಗಿ ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿ ತೊಳೆದು ಬಾಯಿಗಿಟ್ಟುಕೊಂಡಳು! ಆಮೇಲೆ ಹಾಗಲಕಾಯಿ ರಸ. ಅದನ್ನು ಚೀಪಿಯೇ ಮುಗಿಸಿದಳು. ಆದದ್ದು ಇಷ್ಟೇ: ಎರಡು ವಾರ ನಾನು ಏನು ಕೊಟ್ಟರೂ ಮೊದಲು ಮೂಸಿ ನೋಡುತ್ತಿದ್ದಳು. ಅನ್ನವನ್ನೂ.

ಕೊನೆಗೆ ಯಾರೋ ಹೇಳಿದರು ಅಂತ ತುದಿಯನ್ನು ಕತ್ತರಿಯಿಂದ ಸ್ವಲ್ಪ ಕತ್ತರಿಸಿದೆ. ಚೀಪಿದರೆ ಗಾಳಿ ಬರುತ್ತದೆ, ಬೇಜಾರಾಗಿ ಬಿಡುತ್ತವೆ ಅಂತ. ಬಿಟ್ಟಳು, ಒಪ್ಪುತ್ತೇನೆ.

ಹಲ್ಲು ನೋಡುವವಳು, ಮಂಗಳೂರು

ಸುಮಾ ಅವರೇ, ನಿಮ್ಮ ಅದೃಷ್ಟ ಚೆನ್ನಾಗಿತ್ತು. ದಯವಿಟ್ಟು ಬೇರೆ ಯಾರೂ ಕತ್ತರಿಸಬೇಡಿ. ಕತ್ತರಿ ತಾಗಿದ ಜಾಗದಿಂದ ಸಿಲಿಕೋನ್ ಹರಿಯುತ್ತಾ ಹೋಗುತ್ತದೆ. ದವಡೆ ಹಲ್ಲು ಬಂದ ಮಗು ಒಂದು ಚೂರು ಕಚ್ಚಿ ತೆಗೆದರೆ ಅದು ಗಂಟಲಿಗೆ ಹೋಗುತ್ತದೆ.

ಸಿಸ್ಟರ್ ಅಕ್ಕ, ಹುಬ್ಬಳ್ಳಿ

ಎಲ್ಲರೂ ನಿಪ್ಪಲನ್ನು ಬೈಯುತ್ತಿದ್ದೀರಿ. ಅದರ ಪರವಾಗಿ ನಾನು ಒಂದೆರಡು ಮಾತಾಡುತ್ತೇನೆ. ಹದಿನಾಲ್ಕು ವರ್ಷದಿಂದ ಎನ್‌ಐಸಿಯು, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿದ್ದೇನೆ.

ಮೂವತ್ತು, ಮೂವತ್ತೊಂದು ವಾರಕ್ಕೇ ಹುಟ್ಟಿದ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲ. ಆ ಹದ ಬರುವುದು ಬಸಿರಿನ ಲೆಕ್ಕದಲ್ಲಿ ಸುಮಾರು 34 ವಾರಕ್ಕೆ. ಅಲ್ಲಿಯ ತನಕ ಮೂಗಿನಲ್ಲೋ ಬಾಯಲ್ಲೋ ಹಾಕಿದ ಸಣ್ಣ ಟ್ಯೂಬಿನಿಂದ ಅಮ್ಮನ ಹಾಲು ಹೊಟ್ಟೆಗೆ ಹೋಗುತ್ತದೆ. ಆಗ ಬಾಯಿಗೆ ಪುಟಾಣಿ ನಿಪ್ಪಲ್ ಇಡುತ್ತೇವೆ, ಇಲ್ಲವೇ ಹಾಲು ಹಿಂಡಿ ತೆಗೆದ ಮೇಲೆ ಅಮ್ಮನ ಎದೆಗೇ ಹಿಡಿಸುತ್ತೇವೆ. ಹೊಟ್ಟೆ ತುಂಬುತ್ತಿರುವಾಗ ಬಾಯಿ ಚೀಪುತ್ತಿರಲಿ ಅಂತ. ಹೀಗೆ ಚೀಪಿದ ಮಕ್ಕಳು ಟ್ಯೂಬಿನಿಂದ ಬಾಯೂಟಕ್ಕೆ ಬೇಗ ಬರುತ್ತಾರೆ, ಬೇಗ ಮನೆಗೂ ಹೋಗುತ್ತಾರೆ. ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವಾಗಲೂ ಚೀಪುತ್ತಿದ್ದರೆ ಅಳು ಕಡಿಮೆ. ಒಂದು ಕೆಜಿ ಇನ್ನೂರು ಗ್ರಾಂನ ಮಗು ಕಣ್ಣು ಮುಚ್ಚಿ ಚೀಪುವುದನ್ನು ಗಾಜಿನಾಚೆ ನಿಂತು ನೋಡುವ ಅಪ್ಪನ ಮುಖ ನೋಡಬೇಕು ನೀವು.

ಪುಟ್ಟನ ಅಮ್ಮ, ನಿಮಗೆ ಹೇಳುವುದಾದರೆ: ಪೀಪಿಯ ಜಾಗ ಹಾಸಿಗೆ ಮಾತ್ರ ಅಂತ ಮಾಡಿ. ಬೆಳಿಗ್ಗೆ ಎದ್ದ ತಕ್ಷಣ ಅವನ ಕೈಯಿಂದಲೇ ಒಂದು ಡಬ್ಬಿಗೆ ಹಾಕಿಸಿ. ಡಬ್ಬಿ ಫ್ರಿಜ್ ಮೇಲೆ. ಕೇಳಿದರೆ 'ಪೀಪಿ ಮಲಗಿದೆ, ರಾತ್ರಿ ಏಳುತ್ತೆ' ಅನ್ನಿ. ಕಿವಿ ನೋವು ಪದೇ ಪದೇ ಬರುತ್ತಿದೆಯಾ? ಆರು ತಿಂಗಳು ದಾಟಿದ ಮೇಲೂ ನಿಪ್ಪಲ್ ಚೀಪುವ ಮಕ್ಕಳಲ್ಲಿ ಕಿವಿಯ ಸೋಂಕು ಸ್ವಲ್ಪ ಜಾಸ್ತಿ.

ಹೊಸ ಅಮ್ಮ, ತುಮಕೂರು

ನನ್ನ ಪ್ರಶ್ನೆ ಬೇರೆ, ಇಲ್ಲೇ ಕೇಳಬಹುದಾ? ಮಗಳಿಗೆ 18 ದಿನ. ರಾತ್ರಿಯಿಡೀ ಎದೆಯಲ್ಲೇ ಇರಬೇಕು. ಬಿಡಿಸಿದರೆ ಅಳು. ಹಾಲು ಸಾಲುತ್ತಿಲ್ಲ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಿಪ್ಪಲ್ ಕೊಡಲಾ?

ಹಾಲುಣಿಸುವವರ ಗೆಳತಿ, ಬೆಂಗಳೂರು

ಇನ್ನೊಂದೆರಡು ವಾರ ತಡೆಯಿರಿ ತಂಗಿ. ಮೊದಲ ವಾರಗಳಲ್ಲಿ ಮಗು ಎಷ್ಟು ಚೀಪುತ್ತದೋ ಅಷ್ಟು ಹಾಲು ಇಳಿಯುತ್ತದೆ. ಮಗು ಗಂಟೆಗಟ್ಟಲೆ ಎದೆಯಲ್ಲಿರುವುದು ನಾಳೆಯ ಹಾಲಿಗೆ ಇವತ್ತೇ ಆರ್ಡರ್ ಕೊಟ್ಟ ಹಾಗೆ. ಆ ಚೀಪನ್ನು ರಬ್ಬರ್ ತಿಂದುಹಾಕಿದರೆ ಆರ್ಡರ್ ತಲುಪುವುದಿಲ್ಲ. ಹಾಲು ಸಾಲುತ್ತಿದೆಯೋ ಇಲ್ಲವೋ ಅಂತ ಮನೆಯವರ ಮಾತಿನಿಂದ ತೀರ್ಮಾನ ಮಾಡಬೇಡಿ. ದಿನಕ್ಕೆ ಆರು ಅಥವಾ ಜಾಸ್ತಿ ಸಲ ಉಚ್ಚೆ ಹೊಯ್ಯುತ್ತಿದ್ದಾಳಾ? ಎರಡು ವಾರಕ್ಕೆ ಹುಟ್ಟಿದಾಗಿನ ತೂಕ ವಾಪಸ್ ಬಂದಿದೆಯಾ? ತಾಯಿ ಕಾರ್ಡ್ ತೆಗೆದು ನೋಡಿ, ಇಲ್ಲದಿದ್ದರೆ ಆಶಾ ಕಾರ್ಯಕರ್ತೆ ಬಂದಾಗ ತೂಕ ಹಾಕಿಸಿ. ತೂಕ ಏರದಿದ್ದರೆ ಕಾಯದೆ ಡಾಕ್ಟರ್ ಹತ್ತಿರ ಹೋಗಿ.

ಹಸಿವಾದ ಮಗು ಮೊದಲು ಅಳುವುದಿಲ್ಲ. ಬಾಯಿ ತೆರೆದು ಅತ್ತ ಇತ್ತ ಹುಡುಕುತ್ತದೆ, ಮುಷ್ಟಿ ಬಾಯಿಗೆ ತರುತ್ತದೆ. ಅಳು ಕೊನೆಯ ಗಂಟೆ. ನಿಪ್ಪಲ್ ಇದ್ದರೆ ಮೊದಲಿನ ಸನ್ನೆಗಳೇ ಕಾಣುವುದಿಲ್ಲ. ನಾನು ಹೆದರುವುದು ಇದಕ್ಕೆ.

ಇಷ್ಟು ಹೇಳಿದ ಮೇಲೆ ನನ್ನ ಕಡೆಯವರ ಒಂದು ಮಾತನ್ನೂ ಹೇಳಬೇಕು. 1989ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಎದೆಹಾಲೂಡಿಸುವ ಬಗ್ಗೆ ಹೊರಡಿಸಿದ ಹತ್ತು ಹೆಜ್ಜೆಗಳಲ್ಲಿ ಒಂಬತ್ತನೆಯದು, ಎದೆಹಾಲು ಕುಡಿಯುವ ಮಗುವಿಗೆ ಕೃತಕ ನಿಪ್ಪಲ್ ಕೊಡಲೇಬೇಡಿ ಅಂತಿತ್ತು. ನಾವು ಅದನ್ನೇ ಮಂತ್ರದ ಹಾಗೆ ಹೇಳುತ್ತಾ ಬಂದೆವು. 2018ರಲ್ಲಿ ಅದನ್ನು ಬದಲಿಸಿದರು. ಈಗ ಇರುವುದು, ಬಾಟಲಿ ಮತ್ತು ನಿಪ್ಪಲಿನ ಬಳಕೆ, ಅಪಾಯಗಳ ಬಗ್ಗೆ ಅಮ್ಮಂದಿರಿಗೆ ತಿಳಿಸಿ ಹೇಳಿ ಅಂತ. ತಿಂಗಳು ತುಂಬಿ ಹುಟ್ಟಿದ, ಅಮ್ಮನೂ ಹಾಲೂಡಿಸಲು ಮನಸ್ಸು ಮಾಡಿರುವ ಮಕ್ಕಳಲ್ಲಿ ನಿಪ್ಪಲ್ ಕೊಟ್ಟರೂ ಮೊದಲ ನಾಲ್ಕು ತಿಂಗಳ ಎದೆಹಾಲಿಗೆ ಕುತ್ತು ಬರಲಿಲ್ಲ ಅಂತ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಕಂಡಿದೆ. ಹಾಲು ಚೆನ್ನಾಗಿ ನಿಂತ ಮೇಲೆ ಕೊಟ್ಟ ಅಮ್ಮಂದಿರನ್ನು ನಾನು ಈಗ ಬೈಯುವುದಿಲ್ಲ. ಮೊದಲು ಬೈಯುತ್ತಿದ್ದೆ.

ಡಲ್ಲಾಸ್ ಕನ್ನಡತಿ

ಇಲ್ಲಿ ಪೂರ್ತಿ ಉಲ್ಟಾ. ಒಂದು ತಿಂಗಳ ಚೆಕಪ್‌ಗೆ ಹೋದರೆ ಡಾಕ್ಟರೇ 'ಮಲಗುವಾಗ ಪ್ಯಾಸಿಫೈಯರ್ ಕೊಡ್ತಿದ್ದೀರಾ' ಅಂತ ಕೇಳಿದರು. ಮಗು ನಿದ್ದೆಯಲ್ಲೇ ಕಾರಣ ತಿಳಿಯದೆ ತೀರಿಕೊಳ್ಳುತ್ತದಲ್ಲ, ಸಿಡ್ಸ್ ಅಂತಾರೆ, ಅದು ನಿಪ್ಪಲ್ ಚೀಪುತ್ತಾ ಮಲಗುವ ಮಕ್ಕಳಲ್ಲಿ ಕಡಿಮೆ. ಯಾಕೆ ಅಂತ ಇನ್ನೂ ಪೂರ್ತಿ ಬಗೆಹರಿದಿಲ್ಲ. ಆದರೂ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಅಂದರೆ ಇಲ್ಲಿನ ಮಕ್ಕಳ ಡಾಕ್ಟರುಗಳ ಸಂಘ, ಮಲಗುವಾಗ ಕೊಡಿ ಅಂತ 2005ರಿಂದ ಹೇಳುತ್ತಾ ಬಂದಿದೆ. ಎದೆಹಾಲು ಸರಿಯಾಗಿ ನಿಂತ ಮೇಲೆ ಕೊಡಿ, ಬೇಡ ಅಂದರೆ ಒತ್ತಾಯ ಬೇಡ, ನಿದ್ದೆಯಲ್ಲಿ ಬಿದ್ದುಹೋದರೆ ಮತ್ತೆ ತುರುಕಬೇಡಿ. ಇದೆಲ್ಲಕ್ಕಿಂತ ಮೊದಲು ಬೆನ್ನ ಮೇಲೆ ಮಲಗಿಸಿ, ಪಕ್ಕದಲ್ಲಿ ದಿಂಬು, ಗೊಂಬೆ, ಮೆತ್ತನೆ ರಜಾಯಿ ಇಡಬೇಡಿ.

ಇನ್ನೊಂದು ವಿಷಯ. ಯಾರೂ ನಿಪ್ಪಲನ್ನು ಜೇನುತುಪ್ಪಕ್ಕೆ ಅದ್ದಿ ಕೊಡಬೇಡಿ. 2018ರಲ್ಲಿ ನಮ್ಮ ಟೆಕ್ಸಾಸ್‌ನಲ್ಲೇ ನಾಲ್ಕು ಶಿಶುಗಳು ಬಾಟುಲಿಸಮ್ ಅನ್ನುವ, ಬ್ಯಾಕ್ಟೀರಿಯಾದ ವಿಷದಿಂದ ಬರುವ ಕಾಯಿಲೆಯಾಗಿ ಆಸ್ಪತ್ರೆ ಸೇರಿದವು. ನಾಲ್ಕೂ ಮಕ್ಕಳು ಚೀಪುತ್ತಿದ್ದದ್ದು ಮೆಕ್ಸಿಕೋದಿಂದ ತಂದ, ಒಳಗೆ ಜೇನು ತುಂಬಿದ ನಿಪ್ಪಲ್.

ಕುಂದಾ ಅಜ್ಜಿ, ಬೆಳಗಾವಿ

ಜೇನು ಕೆಟ್ಟದ್ದಾ? ನಮ್ಮಲ್ಲಿ ಕೂಸು ಹುಟ್ಟಿದ ತಕ್ಷಣ ಬಂಗಾರದುಂಗುರ ಜೇನಿನಲ್ಲಿ ಅದ್ದಿ ನೆಕ್ಕಿಸುತ್ತಾರೆ. ನನಗೂ ನೆಕ್ಕಿಸಿದ್ದರು. ಎಪ್ಪತ್ತೊಂದು ವರ್ಷ ಆಯಿತು.

ಸಿಸ್ಟರ್ ಅಕ್ಕ, ಹುಬ್ಬಳ್ಳಿ

ಅಜ್ಜಿ, ನಿಮಗೆ ನೂರು ತುಂಬಲಿ. ಆದರೆ ಜೇನಿನಲ್ಲಿ ಕೆಲವೊಮ್ಮೆ ಒಂದು ಬ್ಯಾಕ್ಟೀರಿಯಾದ ಬೀಜಕಗಳಿರುತ್ತವೆ. ಮನೆಯಲ್ಲಿ ಕುದಿಸಿದರೂ ಸಾಯುವುದಿಲ್ಲ. ದೊಡ್ಡವರ ಕರುಳಿನಲ್ಲಿ ಅವು ಬೆಳೆಯುವುದಿಲ್ಲ, ಎಳೆ ಕೂಸಿನ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತವೆ. ಮೊದಲು ಮಲಬದ್ಧತೆ, ಆಮೇಲೆ ಚೀಪಲು ಶಕ್ತಿ ಇಲ್ಲ, ಅಳು ಕ್ಷೀಣ, ಕತ್ತು ನಿಲ್ಲುವುದಿಲ್ಲ. ಹಾಗಾಗುವುದು ಅಪರೂಪ. ಆದರೂ ಒಂದು ವರ್ಷ ತುಂಬುವ ತನಕ ಜೇನು ಬೇಡವೇ ಬೇಡ. ಶಾಸ್ತ್ರಕ್ಕೆ ಉಂಗುರವನ್ನು ಕೂಸಿನ ಕೈಗೆ ಮುಟ್ಟಿಸಿ ಸಾಕು.

ಕುಂದಾ ಅಜ್ಜಿ, ಬೆಳಗಾವಿ

ಆಯಿತವ್ವಾ. ಮೊಮ್ಮಗಳಿಗೆ ಮುಂದಿನ ತಿಂಗಳು ಹೆರಿಗೆ. ಹೇಳುತ್ತೇನೆ.

ಕೋಪನ್‌ಹೇಗನ್ ಅಪ್ಪ

ಪುಟ್ಟನ ಅಮ್ಮ ಅವರೇ, ಡೆನ್ಮಾರ್ಕಿನಲ್ಲಿ ಬಿಡಿಸುವುದಕ್ಕೆ ಒಂದು ಮರವೇ ಇದೆ. ಇಲ್ಲಿ ನಿಪ್ಪಲಿಗೆ 'ಸುಟ್' ಅಂತಾರೆ, ಆ ಮರಕ್ಕೆ 'ಸುಟ್ಟೆತ್ರೆ'. ಫ್ರೆಡೆರಿಕ್ಸ್‌ಬರ್ಗ್‌ನ ದೊಡ್ಡ ಉದ್ಯಾನದಲ್ಲಿರುವುದು ಎಲ್ಲಕ್ಕಿಂತ ಪ್ರಸಿದ್ಧ. ಕೊಂಬೆ ತುಂಬಾ ಬಣ್ಣ ಬಣ್ಣದ ರಿಬ್ಬನ್, ರಿಬ್ಬನ್ನಿನ ತುದಿಯಲ್ಲಿ ನಿಪ್ಪಲ್‌ಗಳ ಗೊಂಚಲು. ಮಕ್ಕಳೇ ಬಂದು ಕಟ್ಟಿ ಟಾಟಾ ಮಾಡಿ ಹೋಗುತ್ತಾರೆ. ಕೆಲವರು ಕಾಗದವನ್ನೂ ಬರೆಸಿ ಕಟ್ಟಿರುತ್ತಾರೆ. ಮೊದಲ ಸಲ ನೋಡಿದಾಗ ನನಗೆ ನಮ್ಮೂರಿನಲ್ಲಿ ಹರಕೆಗೆ ತೊಟ್ಟಿಲು ಕಟ್ಟುವ ಮರ ನೆನಪಾಯಿತು. ಅಲ್ಲಿ ಮಗು ಬರಲಿ ಅಂತ, ಇಲ್ಲಿ ಮಗು ದೊಡ್ಡದಾಯಿತು ಅಂತ.

ಮಗಳನ್ನು ಮೂರು ತುಂಬುವ ಮೊದಲು ಒಂದು ಭಾನುವಾರ ಕರೆದೊಯ್ದೆವು. ತಾನೇ ಕಟ್ಟಿದಳು. ಮನೆಗೆ ಬಂದು ನೋಡಿದರೆ ಜೇಬಿನಲ್ಲಿ ಇನ್ನೊಂದಿತ್ತು. ಮುಂದಿನ ಭಾನುವಾರ ಮತ್ತೆ ಹೋದೆವು.

ಊರಿಗೆ ಬರುವವರಿಗೆ ಒಂದು ಮಾತು. ವಿಮಾನ ಇಳಿಯುವಾಗ ಚಿಕ್ಕ ಮಕ್ಕಳಿಗೆ ಕಿವಿ ಕಟ್ಟಿ ನೋಯುತ್ತದೆ. ಆಗ ಏನಾದರೂ ಚೀಪುತ್ತಿದ್ದರೆ ಆರಾಮ.

ಇನ್ನು ಸ್ವಚ್ಛತೆ. ಪಕ್ಕದ ಸ್ವೀಡನ್ನಿನಲ್ಲಿ 184 ಮಕ್ಕಳನ್ನು ಗಮನಿಸಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಕೆಳಗೆ ಬಿದ್ದ ನಿಪ್ಪಲನ್ನು ಅಪ್ಪ ಅಮ್ಮ ತಮ್ಮ ಬಾಯಲ್ಲಿ ಚೀಪಿ ಕೊಟ್ಟ ಮಕ್ಕಳಲ್ಲಿ ಇಸುಬು, ಉಬ್ಬಸ ಕಡಿಮೆ ಇತ್ತಂತೆ. ಅದನ್ನು ಓದಿದ ಮೇಲೆ ನಾನೂ ಅದನ್ನೇ ಮಾಡುತ್ತಿದ್ದೆ. ನಮ್ಮಮ್ಮ ಎಂಜಲು ಎಂಜಲು ಅಂತ ಫೋನಿನಲ್ಲೇ ಕಿರುಚಿದರು.

ಹಲ್ಲು ನೋಡುವವಳು, ಮಂಗಳೂರು

ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳಿ! ಆ ಅಧ್ಯಯನ ನಿಜ, ಆದರೆ ಚಿಕ್ಕದು. ಹಲ್ಲು ಹುಳುಕು ಮಾಡುವ ಬ್ಯಾಕ್ಟೀರಿಯಾ ಮಗುವಿನ ಬಾಯಿಗೆ ಬರುವುದು ಹೆಚ್ಚಾಗಿ ಅಪ್ಪ ಅಮ್ಮನ ಎಂಜಲಿನಿಂದಲೇ. ಅಪ್ಪನ ಬಾಯಲ್ಲಿ ಮೂರು ಹುಳುಕು ಹಲ್ಲಿದ್ದರೆ? ನೀರಲ್ಲಿ ತೊಳೆಯಿರಿ. ಮಗುವಿಗೆ ಆರು ತಿಂಗಳು ತುಂಬುವ ತನಕ ಕುದಿಸಿ ಕೊಡಿ.

ರೇಖಾ, ದಾವಣಗೆರೆ

ಕೊಳ್ಳುವ ಬಗ್ಗೆ ಯಾರೂ ಹೇಳಲಿಲ್ಲ. ನನ್ನದೊಂದು ಅನುಭವ. ಜಾತ್ರೆಯಲ್ಲಿ ಇಪ್ಪತ್ತು ರೂಪಾಯಿಗೆ ಒಂದು ತಂದಿದ್ದೆ, ಹಿಂದೆ ಗಿಲಕಿ ಇತ್ತು, ಚಂದ ಕಂಡಿತು. ನಾಲ್ಕನೇ ದಿನ ಮಗು ಚೀಪುತ್ತಿದ್ದ ಹಾಗೆ ನಿಪ್ಪಲ್ ಭಾಗ ಬಿಲ್ಲೆಯಿಂದ ಕಿತ್ತು ಬಾಯೊಳಗೇ ಉಳಿಯಿತು. ಕೆಮ್ಮಿದ್ದು ಕೇಳಿ ಓಡಿಬಂದೆ. ನಾಲಿಗೆ ಮೇಲೆ ಕಾಣುತ್ತಿತ್ತು, ತೆಗೆದೆ. ಒಳಗೆ ಜಾರಿದ್ದರೆ? ಈಗಲೂ ರಾತ್ರಿ ನೆನಪಾಗುತ್ತದೆ.

ಎರಡನೆಯವನಿಗೆ ತಂದದ್ದು ಒಂದೇ ಅಚ್ಚಿನದು, ಜೋಡಣೆಯೇ ಇಲ್ಲ. ಬಿಲ್ಲೆ ಬಾಯಿಗಿಂತ ಅಗಲ ಇರಬೇಕು, ಅದರಲ್ಲಿ ಗಾಳಿಗೆ ತೂತುಗಳಿರಬೇಕು. ಕೊಡುವ ಮೊದಲು ಪ್ರತಿ ಸಲ ಜೋರಾಗಿ ಎಳೆದು ನೋಡುತ್ತೇನೆ. ಅಂಟಂಟಾದರೆ, ಸೀಳು ಕಂಡರೆ ಕಸಕ್ಕೆ.

ಕೋಪನ್‌ಹೇಗನ್ ಅಪ್ಪ

ಕೊರಳಿಗೆ ಕಪ್ಪು ದಾರದಲ್ಲಿ ಕಟ್ಟುವುದನ್ನೂ ನೋಡಿದ್ದೇನೆ. ಬೇಡ, ದಾರ ಎಲ್ಲಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಯುರೋಪಿನ ನಿಯಮದಲ್ಲಿ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿನ ಪಟ್ಟಿ ಕೂಡ 22 ಸೆಂಟಿಮೀಟರ್ ಮೀರುವಂತಿಲ್ಲ. ಮಲಗಿಸುವಾಗ ಅದನ್ನೂ ತೆಗೆಯಬೇಕು.

ಕುಂದಾ ಅಜ್ಜಿ, ಬೆಳಗಾವಿ

ಆ ಮರ ನನಗೆ ಹಿಡಿಸಿತು. ಮೈಸೂರಿನಲ್ಲಿ ಮರ ಎಲ್ಲಿ ಹುಡುಕುತ್ತೀ ತಂಗಿ? ಹಾಲುಹಲ್ಲು ಬಿದ್ದಾಗ ಏನು ಮಾಡುತ್ತಿದ್ದೆವು? ಸಗಣಿ ಉಂಡೆಯಲ್ಲಿಟ್ಟು ಮಾಳಿಗೆ ಮೇಲೆ ಎಸೆದು, ಹೊಸ ಹಲ್ಲು ಕೊಡು ಅಂತ ಕೇಳುತ್ತಿದ್ದೆವು. ಪೀಪಿಯನ್ನೂ ಹಂಗೇ ಎಸೆಯಲಿ. ಅವನ ಕೈಯಿಂದಲೇ ಹೋಗಬೇಕು, ನೀನು ಕಸಿಯಬೇಡ.

ಪುಟ್ಟನ ಅಮ್ಮ, ಮೈಸೂರು (ಮೂರು ವಾರದ ಮೇಲೆ)

ಬರೆಯಲು ತಡವಾಯಿತು, ಕ್ಷಮಿಸಿ. ಒಂದೊಂದೇ ಹೇಳುತ್ತೇನೆ.

ಮೊದಲು ಸಿಸ್ಟರ್ ಅಕ್ಕ ಹೇಳಿದ ಡಬ್ಬಿ. ಎರಡು ದಿನ ರಂಪ. ಫ್ರಿಜ್ ಮುಂದೆ ನಿಂತು 'ಪೀಪಿ ಏಳು' ಅಂತ ಕೂಗುತ್ತಿದ್ದ. ಮೂರನೇ ದಿನದಿಂದ ಹಗಲು ಕೇಳುವುದು ಕಡಿಮೆಯಾಯಿತು. ಅಡ್ಡಿಯಾದದ್ದು ಇವರು. ಶನಿವಾರ ಮ್ಯಾಚ್ ನೋಡುವಾಗ ಅವನು ಹಟ ಮಾಡಿದ ಅಂತ ಸುಮ್ನೆ ತೆಗೆದುಕೊಟ್ಟಿದ್ದಾರೆ. ಮತ್ತೆ ಮೊದಲಿಂದ. ಡಬ್ಬಿ ಈಗ ಇವರಿಗೂ ಎಟುಕದ ಜಾಗದಲ್ಲಿದೆ.

ಹತ್ತು ದಿನ ಹಾಸಿಗೆಯಲ್ಲಿ ಮಾತ್ರ. ಆಮೇಲೆ ಅಜ್ಜಿ ಹೇಳಿದ್ದನ್ನು ಮಾಡಿದೆವು. ನಾಲ್ಕು ದಿನ ಮೊದಲೇ ಅವನಿಗೆ ಹೇಳುತ್ತಾ ಬಂದೆ, ಭಾನುವಾರ ಪೀಪಿ ಮೇಲೆ ಹೋಗುತ್ತೆ ಅಂತ. ಸಗಣಿಗೆ ಬರ ಇಲ್ಲ, ನಮ್ಮ ರಸ್ತೆಯಲ್ಲೇ ಮೂರು ಹಸು ಓಡಾಡುತ್ತವೆ. ಉಂಡೆ ಮಾಡಿದ್ದು ಅತ್ತೆ. ಅವನು ಮುಟ್ಟಲಿಲ್ಲ, ಛೀ ಅಂದ. ಕೊನೆಗೆ ಸಗಣಿ ಇಲ್ಲದೆ ಬರೀ ಪೀಪಿಯನ್ನೇ ಎಸೆದ. ನಮ್ಮ ಮಾಳಿಗೆಗೆ ತಲುಪಲಿಲ್ಲ. ಪಕ್ಕದ ಮನೆ ಶೀಟಿನ ಮೇಲೆ ಟಣ್ ಅಂತ ಬಿತ್ತು. ತಾನೇ ಚಪ್ಪಾಳೆ ಹೊಡೆದುಕೊಂಡ.

ರಾತ್ರಿ ನಲವತ್ತು ನಿಮಿಷ ಅತ್ತ. ಎತ್ತಿಕೊಂಡು ವರಾಂಡದಲ್ಲಿ ಓಡಾಡಿದೆ. 'ಮೇಲೆ ಹೋಯ್ತು' ಅಂತ ಅವನೇ ಹೇಳುತ್ತಾನೆ, ಹೇಳಿ ಮತ್ತೆ ಅಳುತ್ತಾನೆ. ನನಗೇ ಏಣಿ ಹಾಕಿ ತಂದುಕೊಡೋಣ ಅನ್ನಿಸಿಬಿಟ್ಟಿತ್ತು.

ಬೆಳಿಗ್ಗೆ ಏಳೂವರೆಗೆ ಬಾಗಿಲು ಬಡಿದ ಸದ್ದು. ಪಕ್ಕದ ಮನೆ ಆಂಟಿ. ಅದೇ, ದಿನಾ ಉಬ್ಬುಹಲ್ಲು ಅಂತ ಹೆದರಿಸುತ್ತಿದ್ದವರು. ಕೈಯಲ್ಲಿ ಪೀಪಿ! 'ಪಾಪ ಮಗು ಎಸೆದುಬಿಟ್ಟಿದೆ, ರಾತ್ರಿಯೆಲ್ಲ ಅಳು ಕೇಳಿಸಿತು, ಬಿಸಿನೀರಲ್ಲಿ ತೊಳೆದು ತಂದೆ' ಅಂದರು. ಪುಣ್ಯಕ್ಕೆ ಅವನು ಸ್ನಾನಕ್ಕೆ ಹೋಗಿದ್ದ. ಸಾಸಿವೆ ಡಬ್ಬಿಯೊಳಗೆ ಹಾಕಿ ಮುಚ್ಚಿದೆ, ಇನ್ನೂ ಅಲ್ಲೇ ಇದೆ. ಒಗ್ಗರಣೆ ಹಾಕುವಾಗ ಹುಷಾರಾಗಿರಬೇಕು.

ಎರಡನೇ ರಾತ್ರಿ ಇಪ್ಪತ್ತು ನಿಮಿಷ. ನಾಲ್ಕನೇ ರಾತ್ರಿ ಕೇಳಿದ, ಅಳಲಿಲ್ಲ. ಇವತ್ತಿಗೆ ಹನ್ನೊಂದು ದಿನ.

ಹಲ್ಲು ನೋಡುವವಳು, ಮಂಗಳೂರು

ಭೇಷ್! ಆರು ತಿಂಗಳು ಬಿಟ್ಟು ಮತ್ತೆ ಒಂದು ದೋಸೆ ಕೊಟ್ಟು ನೋಡಿ. ಹಾಗೇ ಒಮ್ಮೆ ಹತ್ತಿರದ ಮಕ್ಕಳ ಹಲ್ಲಿನ ಡಾಕ್ಟರಿಗೆ ತೋರಿಸಿ, ಹಿಂದಿನ ಹಲ್ಲುಗಳ ಕಚ್ಚು ನೋಡಲಿ. ಬೆರಳು ಚೀಪಲು ಶುರು ಮಾಡಿಲ್ಲ ತಾನೇ? ಅದನ್ನು ಶೀಟಿನ ಮೇಲೆ ಎಸೆಯಲು ಆಗುವುದಿಲ್ಲ.

ಪುಟ್ಟನ ಅಮ್ಮ, ಮೈಸೂರು

ಇಲ್ಲ, ಬೆರಳಿಲ್ಲ. ನನ್ನ ಕಿವಿ ಹಿಡಿದಿದ್ದಾನೆ. ಮಲಗುವಾಗ ಎಡಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಉಜ್ಜುತ್ತಾ ಇರುತ್ತಾನೆ. ಬಲಗಿವಿ ಕೊಟ್ಟರೆ ಆಗುವುದಿಲ್ಲ. ಓಲೆ ತೆಗೆದಿಟ್ಟು ಹನ್ನೊಂದು ದಿನ ಆಯಿತು.